ಅಡಿಲೇಡ್‌ನಿಂದ ಉಲುರು, ಡಾರ್ವಿನ್: ಕ್ಯಾಂಪರ್‌ವ್ಯಾನ್ ಪ್ರವಾಸದ ಪ್ಲಾನ್ ಬದಲಾದರೆ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು?

ಮೆಲ್ಬರ್ನ್ ಮೈಸೂರಿಗ
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೂರನೇ ವಾರ ಅಡಿಲೇಡ್‌ನಲ್ಲಿ ನಾಲ್ಕು ಜನ ಮಲಗುವ ಮೋಟಾರ್‌ಹೋಮ್ ತೆಗೆದುಕೊಂಡು 14 ದಿನದಲ್ಲಿ ಡಾರ್ವಿನ್‌ನಲ್ಲಿ ಬಿಡುವುದು ಅಂತ ಯೋಚನೆ. ಇಬ್ಬರು ನಾವು, ಜೊತೆಗೆ ಊರಿಂದ ಬರುವ ಅಪ್ಪ ಅಮ್ಮ, ಇಬ್ಬರಿಗೂ 65 ದಾಟಿದೆ. ಅಡಿಲೇಡ್, ಕೂಬರ್ ಪೀಡಿ, ಅಲ್ಲಿಂದ ಊಡ್ನಡಟ್ಟಾ ಟ್ರ್ಯಾಕ್ ಸ್ವಲ್ಪ ನೋಡಿ ಮಾರ್ಲಾ, ಉಲುರು ಬಂಡೆ, ಕಿಂಗ್ಸ್ ಕ್ಯಾನ್ಯನ್ ಕಣಿವೆ, ಮೆರೀನಿ ಲೂಪ್ ರಸ್ತೆ ಹಿಡಿದು ಆಲಿಸ್ ಸ್ಪ್ರಿಂಗ್ಸ್, ಆಮೇಲೆ ಡಾರ್ವಿನ್. ಗಾಡಿ ಟೂ ವೀಲ್ ಡ್ರೈವ್. ಇದರಲ್ಲಿ ಏನು ಆಗುತ್ತೆ, ಏನು ಆಗಲ್ಲ?

ಗಾಡಿಗೌಡ
ಮೊದಲು ಎರಡು ಗೀಟು ಎಳೀರಿ ಸಾರ್. ಊಡ್ನಡಟ್ಟಾ ಟ್ರ್ಯಾಕ್ ಬಿಡಿ, ಮೆರೀನಿ ಲೂಪ್ ಬಿಡಿ. ಎರಡೂ ಡಾಂಬರಿಲ್ಲದ ರಸ್ತೆ. ಟೂ ವೀಲ್ ಡ್ರೈವ್ ಮೋಟಾರ್‌ಹೋಮ್ ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಕ್ಯಾಂಪ್‌ಗ್ರೌಂಡ್ ಒಳಗೆ ಹೋಗುವ ನಾಲ್ಕೈನೂರು ಮೀಟರ್ ಮಣ್ಣುದಾರಿ ಬಿಟ್ಟರೆ ಬೇರೆಲ್ಲೂ ಬಿಡಲ್ಲ. ನೀವು ಎಷ್ಟೇ ದೊಡ್ಡ ಇನ್ಶೂರೆನ್ಸ್ ಪ್ಯಾಕೇಜ್ ತಗೊಂಡಿರಿ, ಮಣ್ಣುದಾರಿಯಲ್ಲಿ ಏನಾದರೂ ಆದರೆ ಪೂರ್ತಿ ಖರ್ಚು ನಿಮ್ಮ ತಲೆ ಮೇಲೆ. ಗಾಡಿಯಲ್ಲಿ ಟ್ರ್ಯಾಕರ್ ಇರುತ್ತೆ, ಎಲ್ಲಿ ಹೋದ್ರಿ ಅಂತ ಅವರಿಗೆ ಗೊತ್ತಾಗುತ್ತೆ. ಆ ರಸ್ತೆ ಮೇಲೆ ಅಡ್ಡಡ್ಡ ಏಳುವ ಸಣ್ಣ ಅಲೆಗಳಲ್ಲಿ ಅರ್ಧ ದಿನ ಓಡಿಸಿದರೆ ಕಪಾಟಿನ ಬೀಗ, ಫ್ರಿಜ್ ಕೂರಿಸಿದ ಸ್ಕ್ರೂ, ನೀರಿನ ಪಂಪಿನ ಪೈಪು ಒಂದೊಂದಾಗಿ ಕಳಚ್ಕೊಳ್ಳುತ್ತೆ. ಕೂಬರ್ ಪೀಡಿ ಹತ್ತಿರದ ಬ್ರೇಕವೇಸ್ ಗುಡ್ಡಗಳಿಗೂ ಮಣ್ಣುದಾರಿಯೇ, ಅಲ್ಲಿಗೆ ಊರಿಂದಲೇ ಟೂರ್ ಹೋಗುತ್ತೆ, ಅದರಲ್ಲಿ ಹೋಗಿ.

ಪೂರ್ತಿ ಡಾಂಬರಿನ ಲೆಕ್ಕ ಹೀಗಿದೆ, ಎಲ್ಲಾ ಸುಮಾರು. ಅಡಿಲೇಡ್‌ನಿಂದ ಪೋರ್ಟ್ ಅಗಸ್ಟಾ 310 ಕಿ.ಮೀ. ಅಲ್ಲಿಂದ ಪಿಂಬಾ 173, ಗ್ಲೆಂಡಾಂಬೊ 113, ಕೂಬರ್ ಪೀಡಿ 254, ಮಾರ್ಲಾ 234, ಕುಲ್ಗೆರಾ 180, ಅರ್ಲ್‌ಡಂಡಾ 75. ಅರ್ಲ್‌ಡಂಡಾದಲ್ಲಿ ಎಡಕ್ಕೆ ಲಾಸೆಟರ್ ಹೆದ್ದಾರಿ, ಉಲುರು ಪಕ್ಕದ ಊರು ಯುಲಾರಾಕ್ಕೆ 245. ಯುಲಾರಾದಿಂದ ಲುರಿತ್ಜಾ ರಸ್ತೆ ಹಿಡಿದು ಕಿಂಗ್ಸ್ ಕ್ಯಾನ್ಯನ್ 300 ಚಿಲ್ಲರೆ. ಮೆರೀನಿ ಇಲ್ಲ ಅಂದ್ರೆ ಬಂದ ದಾರಿಯಲ್ಲೇ ಅರ್ಲ್‌ಡಂಡಾಕ್ಕೆ ವಾಪಸ್ 280, ಆಲಿಸ್‌ಗೆ 200. ಆಲಿಸ್‌ನಿಂದ ಡಾರ್ವಿನ್ 1500. ಎಲ್ಲಾ ಕೂಡಿದರೆ 3,900 ಹತ್ತಿರ, ಊರೊಳಗಿನ ಓಡಾಟ ಸೇರಿ 4,000 ದಾಟುತ್ತೆ. ಮ್ಯಾಪಿನಲ್ಲಿ ಅರ್ನೆಸ್ಟ್ ಜೈಲ್ಸ್ ರೋಡ್ ಅಂತ ಒಂದು ಅಡ್ಡದಾರಿ ಕಾಣುತ್ತೆ, ಅದೂ ಮಣ್ಣೇ. ನ್ಯಾವಿಗೇಶನ್ ಆ ಕಡೆ ತಿರುಗು ಅಂದ್ರೆ ಕಿವಿಗೆ ಹಾಕ್ಕೋಬೇಡಿ.

ಹುಬ್ಬಳ್ಳಿ ಹೈವೇ
ಗೌಡ್ರು ಹೇಳಿದ್ದು ಖರೆ. ಆದ್ರ 14 ದಿನಕ್ಕ 4,000 ಕಿ.ಮೀ. ಅಂದ್ರ ದಿನಕ್ಕ 290 ಅಂತ ಸರಾಸರಿ ತಗೀಬ್ಯಾಡ್ರಿ. ಉಲುರು, ಕ್ಯಾನ್ಯನ್, ಆಲಿಸ್‌ನ್ಯಾಗ ನಿಲ್ಲೂ ದಿನ ಕಳದ್ರ ಓಡಸೂ ದಿನಕ್ಕ 450 ಮ್ಯಾಲೆ ಬೀಳತೈತಿ. ಮೋಟಾರ್‌ಹೋಮ್ 95ರ ಸ್ಪೀಡಿನ್ಯಾಗ ಹೋದ್ರೂ ಚಹಾ, ಡೀಸೆಲ್, ಅಪ್ಪಾರ ಬಾತ್ರೂಮ್ ಎಲ್ಲಾ ಹಿಡದು ತಾಸಿಗೆ 75-80 ಸಿಕ್ಕರ ಪುಣ್ಯ. ಮತ್ತ ಸಂಜೀ ಆರೂವರಿ ಸುಮಾರಿಗೆ ಹೊತ್ತು ಮುಳುಗತೈತಿ. ಐದಕ್ಕ ಗಾಡಿ ನಿಂತಿರಬೇಕ್ರಿ. ಕಾಂಗರೂ, ಬಿಟ್ಟ ದನ, ಒಂಟಿ ಎಲ್ಲಾ ಆಗ ರಸ್ತಾಕ್ಕ ಬರ್ತಾವ. ಊರ ಹೊರಗ ರಾತ್ರಿ ಓಡಸಿದ್ರ ಇನ್ಶೂರೆನ್ಸ್ ಇಲ್ಲಾ ಅಂತ ಭಾಳ ಕರಾರಿನ್ಯಾಗ ಬರದಿರ್ತಾರ. ಸಹಿ ಹಾಕೂಕಿಂತ ಮೊದ್ಲ ಓದ್ರಿ.

ಇನ್ನೊಂದು: ಅಕ್ಟೋಬರ್ ಮೊದಲ ಭಾನುವಾರದಿಂದ ಸೌತ್ ಆಸ್ಟ್ರೇಲಿಯಾದ ಗಡಿಯಾರ ಒಂದು ತಾಸು ಮುಂದ ಹೋಗತೈತಿ, ನಾರ್ದರ್ನ್ ಟೆರಿಟರಿದು ಹೋಗೂದಿಲ್ಲ. ಗಡಿ ದಾಟಿದ ಮ್ಯಾಲೆ ಬುಕ್ಕಿಂಗ್ ಟೈಮ್ ನೋಡಕೋರಿ.

ಅಡಿಲೇಡ್ ಅಕ್ಕ
ದೂರಕ್ಕಿಂತ ಮಳೆಯ ಲೆಕ್ಕ ಮುಖ್ಯ. ಮರಳುಗಾಡು, ಡಾಂಬರು ರಸ್ತೆ, ನೀರಿನ ಭಯ ಏಕೆ ಎಂದು ಕೇಳುವವರಿದ್ದಾರೆ. ಪೋರ್ಟ್ ಅಗಸ್ಟಾದಿಂದ ಡಾರ್ವಿನ್ ಕಡೆ ಹೋಗುವ ಸ್ಟೂವರ್ಟ್ ಹೆದ್ದಾರಿಗೆ ಬಹಳ ಕಡೆ ಸೇತುವೆಯೇ ಇಲ್ಲ. ರಸ್ತೆಯನ್ನೇ ತಗ್ಗಿಸಿ ಹಳ್ಳದ ನೀರು ಮೇಲೆ ಹರಿದುಹೋಗಲು ಬಿಟ್ಟಿರುತ್ತಾರೆ, ಪಕ್ಕದಲ್ಲಿ ಆಳ ತೋರಿಸುವ ಬಿಳಿ ಕಂಬ. ನೆಲ ಗಟ್ಟಿ ಜೇಡಿ, ಬಿದ್ದ ನೀರು ಇಂಗುವುದಿಲ್ಲ. ನೂರು ಕಿ.ಮೀ. ಆಚೆ ಸುರಿದ ಮಳೆ ಮರುದಿನ ಬಿಸಿಲಿನಲ್ಲಿ ನಿಮ್ಮ ಮುಂದೆ ರಸ್ತೆ ದಾಟುತ್ತಿರುತ್ತದೆ.

2022ರ ಜನವರಿ ಕೊನೆಯಲ್ಲಿ ಗ್ಲೆಂಡಾಂಬೊ ಸುತ್ತಮುತ್ತ ಈ ಹೆದ್ದಾರಿಯೇ ಕಡಿದುಹೋಯಿತು. ಪಕ್ಕದ ರೈಲು ಹಳಿಗಳೂ ಕೊಚ್ಚಿಹೋದವು. ಕೂಬರ್ ಪೀಡಿಗೆ ವಾಯುಪಡೆಯ ವಿಮಾನದಲ್ಲಿ ದಿನಸಿ ಕಳಿಸಬೇಕಾಯಿತು, ದೂರದ ಪರ್ತ್‌ನ ಅಂಗಡಿಗಳಲ್ಲಿ ಕಪಾಟು ಖಾಲಿಯಾಯಿತು. ಸೆಪ್ಟೆಂಬರ್‌ನಲ್ಲಿ ಅಷ್ಟು ಬೀಳುವುದು ಅಪರೂಪ, ಆದರೆ ಒಂದೆರಡು ದಿನ ರಸ್ತೆ ಮುಚ್ಚಲು ಅಷ್ಟು ಮಳೆ ಬೇಕಿಲ್ಲ.

ಹಾಗಾಗಿ ದಿನಾಂಕ ಹಿಡಿದು ಪ್ಲಾನ್ ಮಾಡಬೇಡಿ. ನಾಲ್ಕು ಊರು ಹಿಡಿದು ಮಾಡಿ: ಪೋರ್ಟ್ ಅಗಸ್ಟಾ, ಕೂಬರ್ ಪೀಡಿ, ಅರ್ಲ್‌ಡಂಡಾ, ಆಲಿಸ್. ಈ ನಾಲ್ಕರಲ್ಲೂ ಹಿಂದಿನ ಸಂಜೆಯೂ ಆ ದಿನ ಬೆಳಿಗ್ಗೆಯೂ ಮುಂದಿನ ತುಂಡು ತೆರೆದಿದೆಯೇ ನೋಡಿ, ಮುಂದೆ ಹೋಗುವುದೋ ನಿಲ್ಲುವುದೋ ಆಗ ತೀರ್ಮಾನಿಸಿ. ಸೌತ್ ಆಸ್ಟ್ರೇಲಿಯಾದ ಔಟ್‌ಬ್ಯಾಕ್ ರಸ್ತೆಗಳ ಸ್ಥಿತಿಗೆ 1300 361 033, ಟೆರಿಟರಿಗೆ ರೋಡ್ ರಿಪೋರ್ಟ್ ಎನ್‌ಟಿ, 1800 246 199. ಎರಡಕ್ಕೂ ವೆಬ್‌ಸೈಟ್ ಇದೆ, ಆದರೆ ಸಿಗ್ನಲ್ ಇರುವ ಊರಿನಲ್ಲೇ ನೋಡಿಕೊಂಡು ಹೊರಡಬೇಕು. ‘ರಸ್ತೆ ಮುಚ್ಚಿದೆ’ ಎಂದಿದ್ದರೆ ಮುಗಿಯಿತು, ದಾಟಿದರೆ ದಂಡ. ಮುಚ್ಚಿಲ್ಲದಿದ್ದರೂ ನೀರು ಹರಿಯುತ್ತಿದ್ದರೆ ಇಳಿಸಬೇಡಿ. ನೀರಿಗೆ ಇಳಿದು ಆದ ಹಾನಿಯನ್ನು ಬಾಡಿಗೆ ವಿಮೆ ಕಟ್ಟಿಕೊಡುವುದಿಲ್ಲ.

ಮೆಲ್ಬರ್ನ್ ಮೈಸೂರಿಗ
ತುಂಬಾ ಥ್ಯಾಂಕ್ಸ್. ಊಡ್ನಡಟ್ಟಾ, ಮೆರೀನಿ ಎರಡೂ ತೆಗೆದೆ. ಡೀಸೆಲ್ ಬಗ್ಗೆ ಹೇಳಿ. ಜೆರ್ರಿ ಕ್ಯಾನ್ ಬೇಕಾ?

ಗಾಡಿಗೌಡ
ಸ್ಟೂವರ್ಟ್ ಹೆದ್ದಾರಿಗೆ ಬೇಡ. ಗಾಡಿಯೊಳಗೆ ಡೀಸೆಲ್ ಕ್ಯಾನ್ ಇಡೋದೂ ತಪ್ಪು, ಬಾಡಿಗೆ ಗಾಡಿಗೆ ಹೊರಗೆ ಕಟ್ಟೋ ಜಾಗ ಇರಲ್ಲ. ಲೆಕ್ಕ ಇಟ್ಟುಕೊಳ್ಳಿ ಸಾಕು. ನಾಲ್ಕು ಬರ್ತಿನ ಗಾಡಿ 100 ಕಿ.ಮೀ.ಗೆ 14-15 ಲೀಟರ್ ಕುಡಿಯುತ್ತೆ. ಟ್ಯಾಂಕ್ 75 ಲೀಟರ್ ಅಂದ್ಕೊಳ್ಳಿ, 500 ಕಿ.ಮೀ. ಬಂತು. ಆದರೆ ಎದುರುಗಾಳಿ ಹೊಡೆದರೆ ಅದೇ ಗಾಡಿ 18 ಕುಡಿಯುತ್ತೆ, 415ಕ್ಕೆ ಬರಿದು. ಎತ್ತರದ ಮೂತಿ, ಗಾಳಿಗೆ ಎದೆಯೊಡ್ಡಿ ಹೋಗ್ತಿರುತ್ತೆ ನೋಡಿ. ವೇಗ 110ರಿಂದ 90ಕ್ಕೆ ಇಳಿಸಿದರೆ ಬಳಕೆ ಕಣ್ಣಿಗೆ ಕಾಣೋ ಹಾಗೆ ಇಳಿಯುತ್ತೆ.

ಇಲ್ಲಿ ಒಂದೇ ಕಡೆ ಎಚ್ಚರ: ಪಿಂಬಾದಿಂದ ಕೂಬರ್ ಪೀಡಿ. ನಡುವೆ ಗ್ಲೆಂಡಾಂಬೊ ಬಿಟ್ಟರೆ ಬಂಕ್ ಇಲ್ಲ. ಅಲ್ಲಿ ಡೀಸೆಲ್ ಇದೆಯಾ, ಎಷ್ಟು ಗಂಟೆವರೆಗೆ ತೆಗೆದಿರುತ್ತೆ ಅಂತ ಹೊರಡೋಕೆ ಮುಂಚೆ ಫೋನ್ ಮಾಡಿ ಕೇಳಿ. ಇಲ್ಲ ಅಂದ್ರೆ 367 ಕಿ.ಮೀ. ಒಂದೇ ಉಸಿರಲ್ಲಿ. ಎದುರುಗಾಳಿ ಇದ್ದರೆ 66 ಲೀಟರ್ ಹೋಯ್ತು. ಹಾಗಾಗಿ ಪಿಂಬಾದಲ್ಲಿ ಮುಳ್ಳು ಎಲ್ಲೇ ಇರಲಿ ಕಂಠಮಟ್ಟ ತುಂಬಿಸಿ. ದರ ನಗರಕ್ಕಿಂತ ಸಾಕಷ್ಟು ಜಾಸ್ತಿ, ಕೊರಗಬೇಡಿ.

ತುಂಬಿಸುವಾಗ ಆಗೋ ದೊಡ್ಡ ಎಡವಟ್ಟು ಇನ್ನೊಂದು. ಗಾಡಿಯ ಒಂದೇ ಮಗ್ಗುಲಲ್ಲಿ ಎರಡು ಮೂರು ಮುಚ್ಚಳ ಇರುತ್ತೆ: ಡೀಸೆಲ್, ಕುಡಿಯೋ ನೀರು, ಕೆಲವು ಗಾಡಿಗೆ ಆಡ್‌ಬ್ಲೂ, ಅಂದ್ರೆ ಡೀಸೆಲ್ ಹೊಗೆ ಶುದ್ಧ ಮಾಡೋಕೆ ಹಾಕೋ ದ್ರವ. ನೀರಿನ ಟ್ಯಾಂಕಿಗೆ ಡೀಸೆಲ್ ಬಿಟ್ಟರೆ ಟ್ಯಾಂಕು, ಪೈಪು, ಪಂಪು ಎಲ್ಲಾ ಬದಲಿಸಬೇಕು. ಡೀಸೆಲ್ ಟ್ಯಾಂಕಿಗೆ ಆಡ್‌ಬ್ಲೂ ಹೋದರೆ ಕೀ ತಿರುಗಿಸಲೇಬೇಡಿ, ಸ್ಟಾರ್ಟ್ ಮಾಡಿದ ಕ್ಷಣ ಅದು ಪಂಪು, ಇಂಜೆಕ್ಟರಿಗೆ ಹೋಗುತ್ತೆ. ಗಾಡಿ ತಗೊಂಡ ದಿನವೇ ಬಣ್ಣದ ಟೇಪಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ, ಯಾರು ತುಂಬಿಸಿದರೂ ಗೊಂದಲ ಆಗಲ್ಲ.

ಹುಬ್ಬಳ್ಳಿ ಹೈವೇ
ಕೈಯಾಗ ರೊಕ್ಕಾನೂ ಇರ್ಲಿ, 200-300 ಡಾಲರ್. ನೆಟ್‌ವರ್ಕ್ ಬಿದ್ದ ದಿನ ರೋಡ್‌ಹೌಸಿನ್ಯಾಗ (ಹೆದ್ದಾರಿ ಬದೀಗಿನ ಬಂಕ್, ಹೋಟೆಲ್) ಕಾರ್ಡ್ ನಡ್ಯೂದಿಲ್ಲ. ಫೋನ್ ಟೆಲ್‌ಸ್ಟ್ರಾ ಸಿಮ್ ಇದ್ರ ಊರೂರಿಗೆ ಸಿಗ್ನಲ್, ನಡುವ ಶೂನ್ಯ. ಬಾಡಿಗಿಗೆ ಸ್ಯಾಟಲೈಟ್ ಫೋನ್ ಇಲ್ಲಾ ಪಿಎಲ್‌ಬಿ (ಉಪಗ್ರಹಕ್ಕ ತುರ್ತು ಸಂಕೇತ ಕಳಸೂ ಸಣ್ಣ ಯಂತ್ರ) ಸಿಗತಾವ, ವಯಸ್ಸಾದವ್ರು ಇದ್ದಾರಂದ್ರ ಒಂದು ತಗೋರಿ. ಹೊಸ ಐಫೋನ್‌ನ್ಯಾಗ ಉಪಗ್ರಹದ ತುರ್ತು ಮೆಸೇಜ್ ಆಸ್ಟ್ರೇಲಿಯಾದಾಗ 2023ರಿಂದ ನಡೀತೈತಿ. ಗಾಡ್ಯಾಗ ಯುಹೆಚ್‌ಎಫ್ ರೇಡಿಯೋ ಇದ್ರ ಚಾನೆಲ್ 40, ಲಾರಿಯವ್ರು ಅದರಾಗ ಮಾತಾಡ್ತಾರ.

ರೋಡ್‌ಟ್ರೇನ್, ಅಂದ್ರ ಸಾಲಾಗಿ ಟ್ರೇಲರ್ ಎಳಿಯೂ ಲಾರಿ, 53.5 ಮೀಟರ್ ತನಕ ಉದ್ದ ಇರ್ತಾವ. ಹಿಂದ ಹಾಕ್ಬೇಕಂದ್ರ ಒಂದು ಕಿಲೋಮೀಟರ್‌ಕಿಂತ ಹೆಚ್ಚು ಖಾಲಿ ರಸ್ತಾ ಕಾಣಬೇಕು. ಎದುರಿಗೆ ಬಂದಾಗ ಮೊದ್ಲ ಗಾಳಿ ನಿಮ್ಮನ್ನ ಹೊರಗ ದಬ್ಬತೈತಿ, ದಾಟಿದ ಕೂಡ್ಲೇ ಒಳಗ ಜಗ್ಗತೈತಿ. ಎರಡೂ ಕೈ ಸ್ಟೀರಿಂಗ್ ಮ್ಯಾಲೆ, ಸ್ಪೀಡ್ 80ಕ್ಕ. ಮ್ಯಾಲಿನ ಹ್ಯಾಚ್ ಮುಚ್ಚೈತೋ ಇಲ್ಲೋ ಹೊರಡೂ ಮುಂದ ನೋಡ್ರಿ, ತೆರದಿದ್ರ ಅದ ಗಾಳಿಗೆ ಹಾರಿಹೋಗತೈತಿ.

ಮೆಲ್ಬರ್ನ್ ಮೈಸೂರಿಗ
ಪ್ಲಾನ್‌ನಲ್ಲಿ ಬದಲಾವಣೆ. ಅಪ್ಪನಿಗೆ ಮೊಣಕಾಲು ನೋವು, ಡಾರ್ವಿನ್‌ವರೆಗೆ ಕೂರುವುದು ಕಷ್ಟ ಅಂತಿದ್ದಾರೆ. ಆಲಿಸ್‌ನಲ್ಲೇ ಗಾಡಿ ಬಿಟ್ಟು ವಿಮಾನ ಹಿಡಿಯೋದಾ? ಬುಕ್ಕಿಂಗ್ ಡಾರ್ವಿನ್‌ಗೆ ಆಗಿದೆ.

ಸುಮ್ನೆ ಸುತ್ತೋಳು
ಖಂಡಿತ ಆಲಿಸ್. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಅಂದ್ರೆ ಡಾರ್ವಿನ್‌ನಲ್ಲಿ ಮಳೆಗಾಲಕ್ಕೆ ಮುಂಚಿನ ಬೆವರು ಕಾಲ. ಆಲಿಸ್‌ನಿಂದ ಮುಂದಿನ 1500 ಕಿ.ಮೀ.ನಲ್ಲಿ ಕಾರ್ಲು ಕಾರ್ಲು ಗುಂಡುಬಂಡೆ, ಮಟರಂಕದ ಬೆಚ್ಚನೆ ನೀರಿನ ಕೊಳ, ಕ್ಯಾಥರಿನ್ ಚೆನ್ನಾಗಿವೆ, ಆದರೆ ಟೆನೆಂಟ್ ಕ್ರೀಕ್‌ನಿಂದ ಕ್ಯಾಥರಿನ್ ಒಂದೇ 670 ಕಿ.ಮೀ. ನೋಯೋ ಮಂಡಿಗೆ ಅದು ಶಿಕ್ಷೆ. ಆ ನಾಲ್ಕು ದಿನ ಮಧ್ಯಭಾಗಕ್ಕೆ ಕೊಡಿ.

ಡಿಪೋ ಬದಲಾವಣೆಯನ್ನ ಗಾಡಿ ತಗೊಳ್ಳೋಕೆ ಮುಂಚೆ ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಪ್ರವಾಸ ಶುರುವಾದ ಮೇಲೆ ಕೇಳಿದರೆ ಬದಲಾವಣೆ ಶುಲ್ಕ, ಬೇರೆ ಒನ್‌ವೇ ಶುಲ್ಕ, ಕೆಲವೊಮ್ಮೆ ಆ ದಿನದ ಹೊಸ ದರ. ಹೇಳದೆ ಬೇರೆ ಊರಲ್ಲಿ ಬಿಟ್ಟರೆ ಗಾಡಿ ವಾಪಸ್ ಸಾಗಿಸೋ ಖರ್ಚೂ ನಿಮಗೇ. ಬೇಗ ವಾಪಸ್ ಕೊಟ್ಟರೆ ಉಳಿದ ದಿನದ ದುಡ್ಡು ಬಹುತೇಕ ಸಿಗಲ್ಲ, ಹಾಗಾಗಿ ದಿನ ಕಡಿಮೆ ಮಾಡೋದಾದರೂ ಈಗಲೇ. ಆಲಿಸ್ ಡಿಪೋ ಭಾನುವಾರ, ರಜಾದಿನ ತೆಗೆದಿರುತ್ತಾ ಅಂತಲೂ ಕೇಳಿ. ವಿಮಾನ ಟಿಕೆಟ್ ಮಾತ್ರ ದಿನ ಬದಲಿಸಬಹುದಾದ್ದೇ ತಗೊಳ್ಳಿ. ರಸ್ತೆ ಮುಚ್ಚಿ ಎರಡು ದಿನ ತಡವಾದರೆ ಗಾಡಿ ಬಾಡಿಗೆ ಬೆಳೆಯುತ್ತೆ, ಟಿಕೆಟ್ ಹಾಳಾಗುತ್ತೆ.

ಗಾಡಿಗೌಡ
ನನ್ನ ವೋಟು ಡಾರ್ವಿನ್‌ಗೇ ಇತ್ತು, ಅದರ ಹತ್ತಿರದ ಲಿಚ್‌ಫೀಲ್ಡ್ ಪಾರ್ಕಿನ ಜಲಪಾತಗಳು ಸೆಪ್ಟೆಂಬರ್‌ನಲ್ಲೂ ಹರೀತಿರುತ್ತೆ, ಅಲ್ಲಿನ ವಾಂಗಿ ಜಲಪಾತದವರೆಗೆ ಡಾಂಬರಿದೆ. ಮಂಡಿ ನೋವು ಅಂದಮೇಲೆ ವಾದ ಇಲ್ಲ. ಆದರೆ ಮಲಗೋ ವ್ಯವಸ್ಥೆ ನೋಡ್ಕೊಳ್ಳಿ: ಡ್ರೈವರ್ ತಲೆ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು, ಹಿಂದಿನ ಹಾಸಿಗೆ ಅಪ್ಪ ಅಮ್ಮನಿಗೆ. ಆ ಹಾಸಿಗೆ ಹಗಲು ಮೇಜು, ರಾತ್ರಿ ಮಂಚ ಆಗೋ ಥರದ್ದಾದರೆ ಮಧ್ಯಾಹ್ನ ಒರಗೋಕೆ ಜಾಗ ಇರಲ್ಲ. ಬುಕ್ ಮಾಡೋವಾಗ ಗಾಡಿಯ ನೆಲನಕ್ಷೆ ಕೇಳಿ.

ಮೆಲ್ಬರ್ನ್ ಮೈಸೂರಿಗ
ಆಲಿಸ್‌ಗೆ ಬದಲಿಸಿದೆ, 10 ದಿನಕ್ಕೆ ಇಳಿಸಿದೆ. ಇನ್ನು ಬುಕ್ಕಿಂಗ್, ಕರೆಂಟು, ಅಡುಗೆ. ಎಲ್ಲಾ ಕಡೆ ಮುಂಚೆಯೇ ಬುಕ್ ಮಾಡ್ಬೇಕಾ?

ಸುಮ್ನೆ ಸುತ್ತೋಳು
ಯುಲಾರಾ ಒಂದು ಮಾತ್ರ ಮುಂಚೆಯೇ. ಉಲುರು ಪಾರ್ಕ್ ಒಳಗೆ ಕ್ಯಾಂಪಿಂಗ್ ಇಲ್ಲ, ಇರೋದು ಯುಲಾರಾದ ಕ್ಯಾಂಪ್‌ಗ್ರೌಂಡ್. ಶಾಲಾ ರಜೆಯಲ್ಲಿ ಕರೆಂಟ್ ಇರುವ ಜಾಗ ಬೇಗ ತುಂಬುತ್ತೆ. ದಿನ ಬದಲಿಸುವ ನಿಯಮ ಏನು, ಎಷ್ಟು ಗಂಟೆ ಮುಂಚೆ ಹೇಳಬೇಕು ಅಂತ ಓದಿ ಬುಕ್ ಮಾಡಿ. ಕಿಂಗ್ಸ್ ಕ್ಯಾನ್ಯನ್ ಒಂದೆರಡು ದಿನ ಮುಂಚೆ ಸಾಕು. ಮಾರ್ಲಾ, ಕುಲ್ಗೆರಾ, ಅರ್ಲ್‌ಡಂಡಾ ಥರದ ರೋಡ್‌ಹೌಸ್‌ಗಳಿಗೆ ಹೋಗಿ ಕೇಳಿದರೂ ಜಾಗ ಸಿಗುತ್ತೆ, ಅಲ್ಲಿ ಬುಕ್ ಮಾಡಿ ಕೈ ಕಟ್ಟಿಸ್ಕೋಬೇಡಿ. ವಿಕಿಕ್ಯಾಂಪ್ಸ್ ಆ್ಯಪ್‌ನಲ್ಲಿ ಎರಡೂ ರಾಜ್ಯದ ಮಾಹಿತಿಯನ್ನ ಆಫ್‌ಲೈನ್‌ಗೆ ಇಳಿಸ್ಕೊಳ್ಳಿ, ಮನೆಯ ವೈಫೈನಲ್ಲೇ.

ಅಪ್ಪನಿಗೆ: ಉಲುರು ಹತ್ತುವುದು 2019ರ ಅಕ್ಟೋಬರ್ 26ರಿಂದ ನಿಂತಿದೆ, ಆ ಚಿಂತೆ ಇಲ್ಲ. ಸುತ್ತು ಹಾಕಿದರೆ 10.6 ಕಿ.ಮೀ. ಅದು ಬೇಡ. ಮುಟಿಟ್‌ಜುಲು ನೀರಿನ ಹೊಂಡದ ಕುನಿಯಾ ದಾರಿ ಹೋಗಿಬರಲು 1 ಕಿ.ಮೀ., ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತೆ. ಮಾಲಾ ದಾರಿ 2 ಕಿ.ಮೀ. ಕಿಂಗ್ಸ್ ಕ್ಯಾನ್ಯನ್ ಮೇಲಿನ 6 ಕಿ.ಮೀ. ಸುತ್ತು ಶುರುವಲ್ಲೇ ಕಡಿದಾದ ಮೆಟ್ಟಿಲು. ಅಪ್ಪ ಅಮ್ಮ ಕೆಳಗಿನ ಕ್ರೀಕ್ ದಾರಿ ನಡೆಯಲಿ. 36 ಡಿಗ್ರಿ ಅಥವಾ ಹೆಚ್ಚು ಅಂತ ಮುನ್ಸೂಚನೆ ಇದ್ದ ದಿನ ಮೇಲಿನ ಸುತ್ತನ್ನ ಬೆಳಿಗ್ಗೆ 9ರೊಳಗೆ ಶುರು ಮಾಡ್ಬೇಕು, ಉಲುರು ಪಾರ್ಕಿನಲ್ಲೇ ಇರೋ ಕಾಟಾ ಟ್‌ಜುಟಾ ಬಂಡೆಗಳ ವ್ಯಾಲಿ ಆಫ್ ದಿ ವಿಂಡ್ಸ್ ದಾರಿಯ ಮುಂದಿನ ಭಾಗ 11ಕ್ಕೆ ಮುಚ್ಚುತ್ತೆ. ನಡೆಯೋದೆಲ್ಲಾ ಬೆಳಿಗ್ಗೆ, ಓಡಿಸೋದು ಆಮೇಲೆ. ಮುಖಕ್ಕೆ ನೊಣದ ಬಲೆ ತಲಾ ಒಂದು, ಮರೀಬೇಡಿ.

ಗಾಡಿಗೌಡ
ಕರೆಂಟಿನ ಲೆಕ್ಕ. 240 ವೋಲ್ಟಿನ ಎಸಿ, ಮೈಕ್ರೋವೇವ್, ಕೆಟಲ್ ಇವೆಲ್ಲಾ ಕ್ಯಾಂಪ್‌ಗ್ರೌಂಡ್‌ನಲ್ಲಿ ಪವರ್ ಚುಚ್ಚಿದಾಗ ಮಾತ್ರ. ಹೊರಗೆ ನಿಂತರೆ ಗಾಡಿಯ ಮನೆಭಾಗಕ್ಕೆ ಅಂತ ಇರೋ ಬ್ಯಾಟರಿ. 12 ವೋಲ್ಟಿನ ಫ್ರಿಜ್ ಓಡುವಾಗ 45 ವಾಟ್, ಬಿಸಿಲಲ್ಲಿ ಅರ್ಧ ಹೊತ್ತು ಓಡುತ್ತೆ ಅಂದ್ರೂ ದಿನಕ್ಕೆ 540 ವಾಟ್ ಅವರ್, ಅಂದ್ರೆ 45 ಆ್ಯಂಪಿಯರ್ ಅವರ್. ಲೈಟು, ಪಂಪು, ಫೋನು ಸೇರಿ 60. ಬ್ಯಾಟರಿ 100 ಆ್ಯಂಪಿಯರ್ ಅವರ್‌ನ ಎಜಿಎಂ (ಸೀಸದ ಬ್ಯಾಟರಿಯ ಒಂದು ಬಗೆ) ಆದರೆ ಬಳಸಬಹುದಾದ್ದು ಅರ್ಧ. ಲೆಕ್ಕ ಆಯ್ತಲ್ಲ, ಒಂದು ರಾತ್ರಿ ನಿಲ್ಲಬಹುದು, ಗಾಡಿ ಓಡಿಸದೆ ಎರಡನೇ ರಾತ್ರಿ ಇಲ್ಲ. ನಾಲ್ಕು ಗಂಟೆ ಓಡಿಸಿದರೆ 60-80 ವಾಪಸ್ ತುಂಬುತ್ತೆ. ಸೋಲಾರ್ ಇದೆ ಅಂದ್ರೆ ಎಷ್ಟು ವಾಟ್ ಕೇಳಿ. ರಸ್ತೆ ಮುಚ್ಚಿ ಸಿಕ್ಕಿಹಾಕ್ಕೊಂಡರೆ ಪವರ್ ಇರೋ ಜಾಗ ಹುಡುಕೋಕೆ ಇದೇ ಕಾರಣ.

ಪವರ್ ವೈರಿನ ಪಿನ್ 15 ಆ್ಯಂಪಿಯರ್‌ದು, ಅರ್ತ್ ಕಡ್ಡಿ ದಪ್ಪ, ಮನೆಯ 10 ಆ್ಯಂಪಿಯರ್ ಸಾಕೆಟ್‌ಗೆ ಹೋಗಲ್ಲ. ಉಜ್ಜಿ ತೂರಿಸೋ ಬುದ್ಧಿವಂತರಿದ್ದಾರೆ. ಹಾಗೆ ಮಾಡಿದರೆ ವೈರು ಬಿಸಿಯಾಗಿ ಬೆಂಕಿ ಹತ್ತುತ್ತೆ, ಕಾನೂನೂ ಬಿಡಲ್ಲ.

ಅಡಿಲೇಡ್ ಅಕ್ಕ
ಅಡುಗೆಗೆ: ಒಗ್ಗರಣೆ ಗಾಡಿಯೊಳಗೆ ಬೇಡ. ಸಾಸಿವೆ ಸಿಡಿದು ಮೆಣಸಿನಕಾಯಿ ಘಾಟು ಎದ್ದರೆ ಹೊಗೆ ಅಲಾರ್ಮ್ ಕೂಗುತ್ತದೆ, ವಾಸನೆ ಪರದೆಗೆ ಹಿಡಿದರೆ ಶುಚಿ ಶುಲ್ಕ ಹಾಕುತ್ತಾರೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಅವಲಕ್ಕಿ ಮನೆಯಲ್ಲೇ ಸಿದ್ಧ ಮಾಡಿಕೊಂಡರೆ ಒಳಗೆ ಬಿಸಿನೀರು, ಅನ್ನ ಇಷ್ಟೇ ಕೆಲಸ. 3 ಲೀಟರ್ ಕುಕ್ಕರ್ ಸಾಕು, ವಿಷಲ್ ಬರುವಾಗ ಹ್ಯಾಚ್ ತೆರೆದಿರಲಿ. ಗಾಡಿ ಹೊರಡುವಾಗ ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ. ಬೆಂಕಿ ನಿಷೇಧದ ದಿನ ಹೊರಗಿನ ಒಲೆಗೆ ನಿಯಮ ರಾಜ್ಯಕ್ಕೊಂದು, ಕ್ಯಾಂಪ್‌ಗ್ರೌಂಡಿನವರನ್ನು ಕೇಳಿ. ಹಣ್ಣು, ಟೊಮೆಟೊ, ಹಸಿಮೆಣಸಿನಕಾಯಿ ಮೆಲ್ಬರ್ನ್‌ನಿಂದ ತರಬೇಡಿ. ಹಣ್ಣುನೊಣದ ಕಾರಣ ಸೌತ್ ಆಸ್ಟ್ರೇಲಿಯಾ ಬಿಡುವುದಿಲ್ಲ, ಸ್ಥಳದಲ್ಲೇ ದಂಡ. ದಿನಸಿ ಪೋರ್ಟ್ ಅಗಸ್ಟಾದಲ್ಲಿ ಕೊಳ್ಳಿ. ಮುಂದೆ ದೊಡ್ಡ ಸೂಪರ್‌ಮಾರ್ಕೆಟ್ ಎಂದರೆ ಆಲಿಸ್, ನಡುವೆ ಕೂಬರ್ ಪೀಡಿ ಮತ್ತು ಯುಲಾರಾದಲ್ಲಿ ಸಣ್ಣವು.

ಕುಡಿಯುವ ನೀರು ಗಾಡಿಯ ಟ್ಯಾಂಕನ್ನು ನಂಬದೆ ಬೇರೆ 40 ಲೀಟರ್, ಎರಡು ಕ್ಯಾನ್. ನಾಲ್ವರಿಗೆ ತಲಾ 5 ಲೀಟರಿನಂತೆ ಎರಡು ದಿನಕ್ಕೆ ಬರುತ್ತದೆ. ರೋಡ್‌ಹೌಸಿನ ನಲ್ಲಿಯಲ್ಲಿ ಬೋರ್ ನೀರು ಬರುವುದುಂಟು, ಕುಡಿಯಬಾರದು ಎಂಬ ಫಲಕ ನೋಡಿ.

ಮೆಲ್ಬರ್ನ್ ಮೈಸೂರಿಗ
ನಾಡಿದ್ದು ಗಾಡಿ ತಗೊಳ್ಳೋದು. ಕೂಬರ್ ಪೀಡಿ ಸುತ್ತ ಗುರುವಾರ, ಶುಕ್ರವಾರ 25-40 ಮಿ.ಮೀ. ಮಳೆ ಅಂತ ಮುನ್ಸೂಚನೆ. ನಾವು ಗುರುವಾರ ಸಂಜೆ ಅಲ್ಲಿರಬೇಕಿತ್ತು. ಬೇಗ ಓಡಿಸಿ ಮಳೆಗೆ ಮುಂಚೆ ದಾಟಿಬಿಡೋದಾ?

ಅಡಿಲೇಡ್ ಅಕ್ಕ
ಬೇಡ. ದಾಟಿಬಿಡೋಣ ಎಂದು ಹೋದವರು ಎರಡು ಹಳ್ಳದ ನಡುವೆ ಸಿಕ್ಕಿಕೊಳ್ಳುತ್ತಾರೆ, ಹಿಂದೆಯೂ ಇಲ್ಲ ಮುಂದೆಯೂ ಇಲ್ಲ. ಪೋರ್ಟ್ ಅಗಸ್ಟಾದಲ್ಲೇ ಬಲಕ್ಕೆ ತಿರುಗಿ. ಕ್ವಾರ್ನ್, ಹಾಕರ್ ದಾರಿಯಾಗಿ ವಿಲ್ಪೀನಾ ಪೌಂಡ್ ಸುಮಾರು 160 ಕಿ.ಮೀ., ಡಾಂಬರು, ಕರೆಂಟಿರುವ ಕ್ಯಾಂಪ್‌ಗ್ರೌಂಡ್, ಫ್ಲಿಂಡರ್ಸ್ ಬೆಟ್ಟಸಾಲು ಹೇಗೂ ನೋಡಬೇಕಾದ್ದೇ. ಆದರೆ ಅಲ್ಲೂ ಮುನ್ಸೂಚನೆ ನೋಡಿ, ಹಾಕರ್ ಆಚೆಯೂ ಹಳ್ಳಗಳಿವೆ. ಅಲ್ಲೂ ಮಳೆ ಎಂದರೆ ಕ್ವಾರ್ನ್‌ನಲ್ಲೇ ಉಳಿಯಿರಿ. ಎರಡು ರಾತ್ರಿ ಇದ್ದು ಶನಿವಾರ ಬೆಳಿಗ್ಗೆ ರಸ್ತೆ ವರದಿ ನೋಡಿ ಪೋರ್ಟ್ ಅಗಸ್ಟಾಕ್ಕೆ ಇಳಿಯಿರಿ.

ಈ ಎರಡು ದಿನ ಎಲ್ಲಿಂದ ಕಡಿಯುವುದು ಈಗಲೇ ನಿರ್ಧರಿಸಿ. ಕಿಂಗ್ಸ್ ಕ್ಯಾನ್ಯನ್ ಬಿಟ್ಟರೆ 585 ಕಿ.ಮೀ. ಹೋಗಿ 245 ಬರುತ್ತದೆ, ಎರಡು ದಿನ ಸರಿಹೋಗುತ್ತದೆ. ಉಲುರುವಿನ ರಾತ್ರಿ ಮುಂದೂಡಲು ಇವತ್ತೇ ಫೋನ್ ಮಾಡಿ.

ಹುಬ್ಬಳ್ಳಿ ಹೈವೇ
ಹೌದ್ರಿ. ರಸ್ತಾ ತೆರದ ಮೊದಲನೇ ಮುಂಜಾನಿ ನಿಂತಿದ್ದ ರೋಡ್‌ಟ್ರೇನ್ ಎಲ್ಲಾ ಒಮ್ಮೆ ಹೊರಡ್ತಾವ. ಎರಡು ತಾಸು ತಡದು ಹೊರಡ್ರಿ. ರಸ್ತಾದ ಬದಿ ಮಣ್ಣು ಇನ್ನೂ ಹಸಿ ಇರತೈತಿ, ಗಾಲಿ ಡಾಂಬರ್ ಬಿಟ್ಟು ಕೆಳಗ ಇಳಸಿದ್ರ ಅಷ್ಟು ಭಾರದ ಗಾಡಿ ಅಲ್ಲೇ ಹೂಳತೈತಿ. ಫೋಟೋಕ್ಕ ಅಂತ ಬದಿಗೆ ನಿಲ್ಲಸಬ್ಯಾಡ್ರಿ, ಡಾಂಬರ್ ಹಾಕಿದ ರೆಸ್ಟ್ ಏರಿಯಾದಾಗ ಮಾತ್ರ.

ಮೆಲ್ಬರ್ನ್ ಮೈಸೂರಿಗ
ಯುಲಾರಾ ಎರಡು ರಾತ್ರಿ ಮುಂದಕ್ಕೆ ಹೋಯ್ತು, ಶುಲ್ಕ ಇಲ್ಲದೆ. ಕ್ಯಾನ್ಯನ್ ಕೈಬಿಟ್ವಿ. ವಿಲ್ಪೀನಾ ಎರಡು ರಾತ್ರಿ, ಶನಿವಾರ ಪೋರ್ಟ್ ಅಗಸ್ಟಾದಿಂದ ಕೂಬರ್ ಪೀಡಿ. ಒಂದು ಅನುಮಾನ: ವಿಲ್ಪೀನಾದಿಂದ ಕೂಬರ್ ಪೀಡಿಗೆ ಒಂದೇ ದಿನದಲ್ಲಿ ಆಗುತ್ತಾ?

ಗಾಡಿಗೌಡ
160 ಪ್ಲಸ್ 540, 700 ಕಿ.ಮೀ. ಒಂಬತ್ತು ಗಂಟೆ ಓಡಿಸೋದೇ ಆಯ್ತು, ಕತ್ತಲಾಗುತ್ತೆ. ಹಾಗೆ ಮಾಡಬೇಡಿ. ಶನಿವಾರ ಪಿಂಬಾವರೆಗೆ, ರೋಡ್‌ಹೌಸ್ ಪಕ್ಕ ರಾತ್ರಿ ನಿಲ್ಲೋಕೆ ಜಾಗ ಇದೆ, ಪಕ್ಕದ ವೂಮೆರಾ ಊರಲ್ಲಿ ಹಳೇ ರಾಕೆಟ್‌ಗಳನ್ನ ಬಯಲಲ್ಲೇ ಇಟ್ಟಿದ್ದಾರೆ, ಅಪ್ಪನಿಗೆ ತೋರಿಸಿ. ಭಾನುವಾರ ಬೆಳಿಗ್ಗೆ ಟ್ಯಾಂಕ್ ತುಂಬಿಸಿ, ಟೈರ್ ತಣ್ಣಗಿರುವಾಗಲೇ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ ಗಾಳಿ ಹಾಕಿ. ಗ್ಲೆಂಡಾಂಬೊ ಆಚೆ ಸೇನೆ ಶಸ್ತ್ರ ಪರೀಕ್ಷಿಸೋ ವೂಮೆರಾ ನಿಷಿದ್ಧ ವಲಯ ಬರುತ್ತೆ, ಹೆದ್ದಾರಿ ಮತ್ತು ಗುರುತು ಹಾಕಿದ ರೆಸ್ಟ್ ಏರಿಯಾ ಬಿಟ್ಟು ಎಲ್ಲೂ ಒಳಗೆ ನುಗ್ಗೋ ಹಾಗಿಲ್ಲ. ಮಧ್ಯಾಹ್ನ ಎರಡಕ್ಕೆ ಕೂಬರ್ ಪೀಡಿಯಲ್ಲಿರ್ತೀರಿ, ಅದೇ ಸಂಜೆಯ ಬ್ರೇಕವೇಸ್ ಟೂರಿಗೆ ಜಾಗ ಇದೆಯಾ ಅಂತ ಪಿಂಬಾದಿಂದಲೇ ಫೋನ್ ಮಾಡಿ ಕೇಳಿ.